ಲಾರಿ ಎಣಿಸುವವರಿದ್ದಾರೆ, ಹೊಳೆಯ ತಳ ಅಳೆಯುವವರು ಯಾರು?

ಅಕ್ರಮ ಮರಳುಗಾರಿಕೆ ಬಗ್ಗೆ ಪೇಪರಿನಲ್ಲಿ ಬರುವ ಸುದ್ದಿ ಯಾವಾಗಲೂ ಒಂದೇ ಥರ ಇರುತ್ತದೆ. ಇಂಥ ಕಡೆ ದಾಳಿ, ಇಷ್ಟು ಟಿಪ್ಪರ್ ವಶ, ಇಷ್ಟು ಲೋಡ್ ಮರಳು ಜಪ್ತಿ, ಚಾಲಕ ಪರಾರಿ, ಸರ್ಕಾರಕ್ಕೆ ಇಷ್ಟು ರಾಜಧನ ನಷ್ಟ. ಓದಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಕಳ್ಳತನ ಆಯಿತು, ಮಾಲು ಸಿಕ್ಕಿತು, ಕೇಸು ಬಿತ್ತು, ಅಲ್ಲಿಗೆ ಕತೆ ಮುಗಿಯಿತು.

ಆದರೆ ಜಪ್ತಿಯಾದ ಮರಳನ್ನು ಯಾರೂ ವಾಪಸ್ ಹೊಳೆಗೆ ಸುರಿಯುವುದಿಲ್ಲ. ಹರಾಜು ಹಾಕುತ್ತಾರೆ, ಅದು ಯಾವುದೋ ಕಟ್ಟಡ ಸೇರುತ್ತದೆ. ಹೊಳೆಯಲ್ಲಿ ಆದ ಗುಂಡಿ ಹಾಗೇ ಉಳಿಯುತ್ತದೆ. ಊರಿನ ಬಾವಿಗೆ, ಸೇತುವೆಯ ಕಂಬಕ್ಕೆ, ದಡದ ತೋಟಕ್ಕೆ ಏನಾಗುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ಆ ಗುಂಡಿಯ ಆಳ. ಲಾರಿಗೆ ಪರ್ಮಿಟ್ ಇತ್ತಾ ಇಲ್ವಾ ಅನ್ನುವುದು ಹೊಳೆಗೆ ಗೊತ್ತಾಗುವುದಿಲ್ಲ. ಪರ್ಮಿಟ್ ಕೈಯಲ್ಲಿ ಹಿಡಿದುಕೊಂಡೇ ಹೊಳೆ ಹಾಳು ಮಾಡಬಹುದು, ಮಾಡುತ್ತಲೂ ಇದ್ದಾರೆ. ಈ ವಿಷಯದಲ್ಲಿ ನನ್ನ ವಾದ ಇಷ್ಟೇ: ನಾವು ಇಷ್ಟು ವರ್ಷ ಲಾರಿ ಎಣಿಸುತ್ತಾ ಕೂತಿದ್ದೇವೆ, ನದಿಯ ತಳ ಎಷ್ಟು ಕೆಳಗಿಳಿಯಿತು ಅಂತ ಅಳೆಯುವ ಕೆಲಸ ಮಾತ್ರ ಸರಿಯಾಗಿ ಮಾಡಿಲ್ಲ. ಅದನ್ನು ಅಳೆಯದೆ ಯಾವುದು ಸಕ್ರಮ, ಯಾವುದು ಅಕ್ರಮ ಅಂತ ಹೇಳುವುದಕ್ಕೇ ಆಗುವುದಿಲ್ಲ.

ಮರಳು ಹೊಳೆಯಲ್ಲಿ ಸುಮ್ನೆ ಬಿದ್ದಿರುವ ವಸ್ತು ಅಂತ ನಮಗೆ ಅನ್ನಿಸುತ್ತದೆ. ಈ ಅನಿಸಿಕೆಯಿಂದಲೇ ಅರ್ಧ ಅನಾಹುತ ಶುರುವಾಗುವುದು. ಮರಳೂ ನೀರಿನ ಹಾಗೆ ಹರಿಯುತ್ತಿರುತ್ತದೆ, ನಿಧಾನವಾಗಿ. ಬೆಟ್ಟದ ಬಂಡೆ ಸಾವಿರಾರು ವರ್ಷ ಬಿಸಿಲು ಮಳೆಗೆ ಸಿಕ್ಕಿ ಒಡೆದು, ಪ್ರತಿ ಮಳೆಗಾಲದ ಪ್ರವಾಹದಲ್ಲಿ ಒಂದಿಷ್ಟು ಕೆಳಗೆ ಜಾರಿ, ಮತ್ತೆ ನಿಂತು, ಮತ್ತೆ ಜಾರಿ ಬರುತ್ತದೆ. ಬೇಸಿಗೆಯಲ್ಲಿ ನಮಗೆ ಕಾಣುವ ಮರಳ ದಿಣ್ಣೆ ಅಂದರೆ ಆ ಪಯಣದ ನಡುವೆ ತಂಗಿರುವ ಮರಳು. ಮೇಲಿಂದ ವರ್ಷಕ್ಕೆ ಎಷ್ಟು ಬರುತ್ತದೋ ಅದಕ್ಕಿಂತ ಕಡಿಮೆ ತೆಗೆದರೆ ಹೊಳೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಜಾಸ್ತಿ ತೆಗೆದರೆ ತಳ ಇಳಿಯಲೇಬೇಕು, ಬೇರೆ ದಾರಿಯೇ ಇಲ್ಲ. ಇದರ ಜೊತೆಗೆ ಬಹಳಷ್ಟು ದೊಡ್ಡ ನದಿಗಳಿಗೆ ಅಣೆಕಟ್ಟು ಬಿದ್ದಿವೆ. ಮೇಲಿಂದ ಬರಬೇಕಾದ ಮರಳಿನ ಬಹುಪಾಲು ಜಲಾಶಯದಲ್ಲೇ ನಿಂತುಬಿಡುತ್ತದೆ. ಅಂದರೆ ಒಂದು ಕಡೆ ಬರುವ ಮರಳು ಕಡಿಮೆಯಾಗುತ್ತಿದೆ, ಇನ್ನೊಂದು ಕಡೆ ತೆಗೆಯುವುದು ಹೆಚ್ಚುತ್ತಿದೆ.

ಎಷ್ಟು ಜಾಸ್ತಿ ಅಂತ ಕೇಳಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಸುತ್ತದೆ. ನೀರು ಬಿಟ್ಟರೆ ಮನುಷ್ಯ ಇಷ್ಟೊಂದು ಬಳಸುವ ವಸ್ತು ಇನ್ನೊಂದಿಲ್ಲ. ಮರುಭೂಮಿಯಲ್ಲಿ ಬೇಕಾದಷ್ಟಿದೆಯಲ್ಲ ಅಂದರೆ, ಅದು ಗಾಳಿಗೆ ಉರುಳಿ ಉರುಳಿ ನುಣುಪಾಗಿರುತ್ತದೆ, ತೀರಾ ಸಣ್ಣದಾಗಿಯೂ ಇರುತ್ತದೆ, ಕಾಂಕ್ರೀಟಿಗೆ ಸರಿಹೋಗುವುದಿಲ್ಲ. ಸಮುದ್ರದ ಮರಳಿನಲ್ಲಿ ಉಪ್ಪಿರುತ್ತದೆ, ತೊಳೆಯದೆ ಹಾಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಾಗಾಗಿ ಎಲ್ಲರ ಕಣ್ಣು ಹೊಳೆ ಮೇಲೆ.

ಕೇರಳದ ವೆಂಬನಾಡ್ ಕಾಯಲಿಗೆ, ಅಂದರೆ ಕಡಲಂಚಿನ ಹಿನ್ನೀರಿನ ಸರೋವರಕ್ಕೆ, ಸೇರುವ ನದಿಗಳ ಬಗ್ಗೆ ಒಳ್ಳೆಯ ಅಧ್ಯಯನ ಆಗಿದೆ. ಅಲ್ಲಿ ನದಿಯ ಒಡಲಿನಿಂದ ವರ್ಷಕ್ಕೆ ಸುಮಾರು 1.17 ಕೋಟಿ ಟನ್ ಮರಳು ಜಲ್ಲಿ ತೆಗೆಯುತ್ತಿದ್ದರು. ಮೇಲಿಂದ ಬರುತ್ತಿದ್ದ ಮರಳಿಗೆ ಹೋಲಿಸಿದರೆ ಇದು ಸುಮಾರು 40 ಪಟ್ಟು! ಕಾಯಲಿಗೆ ಹತ್ತಿರದ ಭಾಗಗಳಲ್ಲಿ ನದಿಯ ತಳ ವರ್ಷಕ್ಕೆ 7ರಿಂದ 15 ಸೆಂಟಿಮೀಟರ್ ಇಳಿಯುತ್ತಿತ್ತು. ವರ್ಷಕ್ಕೆ ಹತ್ತು ಸೆಂಟಿಮೀಟರ್ ಅಂದರೆ ಗೇಣಿಗೂ ಕಡಿಮೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತು ವರ್ಷ ಕಳೆದರೆ ಎರಡು ಮೀಟರ್. ಆಳೆತ್ತರಕ್ಕಿಂತ ಜಾಸ್ತಿ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯಲ್ಲೂ ಇದೇ ಕತೆ. ಕಾಂಬೋಡಿಯಾದಲ್ಲಿ ಮಾಡಿದ ಅಳತೆಯ ಪ್ರಕಾರ ಮೇಲಿಂದ ಬರುವ ಮರಳು ವರ್ಷಕ್ಕೆ 60 ಲಕ್ಷ ಟನ್ ಆಸುಪಾಸು, ತೆಗೆಯುತ್ತಿರುವುದು ಸುಮಾರು 5 ಕೋಟಿ ಟನ್. ಸಿಕ್ಕಾಪಟ್ಟೆ ದುಡಿದು ತಂದ ಸಂಬಳದ ಎಂಟು ಪಟ್ಟು ಖರ್ಚು ಮಾಡುವ ಮನೆ ಎಷ್ಟು ದಿನ ನಡೆದೀತು?

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ನೂರು ಮೀಟರ್ ಅಗಲದ ಒಂದು ಹೊಳೆ ಅಂತ ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಉದ್ದಕ್ಕೆ ಒಂದು ಮೀಟರ್ ಆಳದ ಮರಳು ಎತ್ತಿದರೆ ಅದು ಒಂದು ಲಕ್ಷ ಘನ ಮೀಟರ್ ಆಗುತ್ತದೆ. ಒಂದು ಟಿಪ್ಪರ್‌ಗೆ ಹತ್ತು ಘನ ಮೀಟರ್ ಹಿಡಿದರೆ ಹತ್ತು ಸಾವಿರ ಲೋಡ್. ರಾತ್ರಿಗೆ ಐವತ್ತು ಟಿಪ್ಪರ್ ಓಡಿದರೆ ಇನ್ನೂರು ರಾತ್ರಿಯಲ್ಲಿ ಕೆಲಸ ಮುಗಿಯಿತು. ಒಂದೇ ವರ್ಷದೊಳಗೆ ಒಂದು ಕಿಲೋಮೀಟರ್ ಹೊಳೆ ಒಂದು ಮೀಟರ್ ಕೆಳಗೆ.

ಆ ಮರಳಿನ ಒಳಗೆ ಏನಿತ್ತು? ನೀರಿತ್ತು. ಮರಳಿನ ಕಣಗಳ ನಡುವೆ ಜಾಗ ಇರುತ್ತದಲ್ಲ, ಅದರಲ್ಲಿ ಮಳೆಗಾಲದ ನೀರು ತುಂಬಿಕೊಳ್ಳುತ್ತದೆ, ಬೇಸಿಗೆಯಲ್ಲಿ ನಿಧಾನವಾಗಿ ಅಕ್ಕಪಕ್ಕದ ಬಾವಿಗಳಿಗೆ ಬಿಟ್ಟುಕೊಡುತ್ತದೆ. ಮರಳಿನ ಗಾತ್ರದ ಕಾಲು ಭಾಗದಷ್ಟು ನೀರು ಹೀಗೆ ಬಿಟ್ಟುಕೊಡುತ್ತದೆ ಅಂತ ಹಿಡಿದರೂ, ಒಂದು ಲಕ್ಷ ಘನ ಮೀಟರ್ ಮರಳಿನಲ್ಲಿ ಎರಡೂವರೆ ಕೋಟಿ ಲೀಟರ್ ಇರುತ್ತದೆ. ಸರ್ಕಾರಿ ಲೆಕ್ಕದ ಹಾಗೆ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಬೇಕು. ಐದು ಸಾವಿರ ಜನರ ಊರಿಗೆ ಇದು ತೊಂಬತ್ತು ದಿನದ ನೀರು. ಮಾರ್ಚ್, ಏಪ್ರಿಲ್, ಮೇ. ಸರಿಯಾಗಿ ಯಾವ ಮೂರು ತಿಂಗಳು ಊರಿಗೆ ನೀರು ಬೇಕೋ ಆ ಮೂರು ತಿಂಗಳ ನೀರಿನ ತೊಟ್ಟಿಯನ್ನೇ ಟಿಪ್ಪರ್‌ನಲ್ಲಿ ತುಂಬಿ ಕಳಿಸಿದ ಹಾಗಾಯಿತು. ಒಂದು ವರ್ಷದ ನೀರು ಹೋಯಿತು ಅಂತಲ್ಲ, ಪ್ರತಿ ವರ್ಷ ನೀರು ತುಂಬಿಕೊಳ್ಳುತ್ತಿದ್ದ ಜಾಗವೇ ಹೋಯಿತು.

ಬಯಲುಸೀಮೆಯ ಹೊಳೆಗಳಲ್ಲಿ ಬೇಸಿಗೆಗೆ ಮೇಲೆ ನೀರು ಕಾಣದಿದ್ದರೂ ಮರಳಿನಲ್ಲಿ ಒಂದೆರಡು ಅಡಿ ತೋಡಿದರೆ ಒರತೆ ಸಿಗುತ್ತದೆ, ಕೊಡದಲ್ಲಿ ಮೊಗೆದು ತರುತ್ತಾರೆ. ಮರಳು ಖಾಲಿಯಾಗಿ ಕೆಳಗಿನ ಜೇಡಿ ಅಥವಾ ಬಂಡೆ ಹೊರಗೆ ಬಂದ ಮೇಲೆ ಎಲ್ಲಿ ತೋಡಿದರೂ ಒರತೆ ಇಲ್ಲ. ಮಳೆ ಬಂದರೂ ನೀರು ಇಂಗುವುದಿಲ್ಲ, ಓಡಿ ಹೋಗುತ್ತದೆ. ಇನ್ನು ದಡದ ತೆರೆದ ಬಾವಿಗಳ ಕತೆ ಹೇಳಬೇಕಾಗಿಯೇ ಇಲ್ಲ. ಹೊಳೆಯ ನೀರಿನ ಮಟ್ಟ ಇಳಿದರೆ ಬಾವಿಯ ನೀರೂ ಅದರ ಹಿಂದೆಯೇ ಇಳಿಯುತ್ತದೆ, ಯಾಕೆಂದರೆ ಒಳಗಿಂದ ಎರಡೂ ಒಂದೇ. ರೈತ ಬಾವಿಯನ್ನು ಆಳ ಮಾಡಿಸುತ್ತಾನೆ, ಆಮೇಲೆ ಬೋರ್ ಹಾಕಿಸುತ್ತಾನೆ, ಆಮೇಲೆ ಇನ್ನೂ ಆಳದ ಬೋರ್. ಈ ಸಾಲ ಯಾವ ಮರಳು ಗುತ್ತಿಗೆದಾರನ ಖಾತೆಯಲ್ಲೂ ಬರುವುದಿಲ್ಲ. ಪಟ್ಟಣಕ್ಕೆ ಕುಡಿಯುವ ನೀರು ಎತ್ತುವ ಜಾಕ್‌ವೆಲ್‌ಗೂ ಇದೇ ಗತಿ. ಅದರ ಪೈಪಿನ ಬಾಯಿಯನ್ನು ಹಳೆಯ ತಳದ ಲೆಕ್ಕದಲ್ಲಿ ಇಟ್ಟಿರುತ್ತಾರೆ. ತಳ ಇಳಿದ ಮೇಲೆ ಹೊಳೆಯಲ್ಲಿ ನೀರಿದ್ದರೂ ಪೈಪಿಗೆ ಎಟುಕುವುದಿಲ್ಲ. ಕರಾವಳಿಯಲ್ಲಿ ಇನ್ನೊಂದು ಕಷ್ಟ ಇದೆ. ಅಳಿವೆ ಕಡೆಯ ತಳ ಆಳವಾದಷ್ಟೂ ಉಬ್ಬರದ ಉಪ್ಪುನೀರು ಹೊಳೆಯಲ್ಲಿ ಮೇಲೆ ಮೇಲೆ ಬರುತ್ತದೆ, ಬಾವಿಗಳು ಸವುಳಾಗುತ್ತವೆ, ತೆಂಗು ಅಡಿಕೆ ಸೊರಗುತ್ತವೆ.

ಸೇತುವೆ ವಿಷಯಕ್ಕೆ ಬರೋಣ. ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹೊಳೆಯ ಮಧ್ಯೆ ಒಂದು ಆಳದ ಗುಂಡಿ ತೆಗೆದರು ಅಂತ ಇಟ್ಟುಕೊಳ್ಳಿ, ಸೇತುವೆಯಿಂದ ಬೇಕಾದಷ್ಟು ದೂರದಲ್ಲೇ. ಮಳೆ ಬಂತು, ನೀರು ಏರಿತು. ಮೇಲಿಂದ ಬರುವ ನೀರು ಗುಂಡಿಯ ಅಂಚಿಗೆ ಬಂದ ಕೂಡಲೇ ಇಳಿಜಾರು ಸಿಕ್ಕಿ ಜೋರಾಗುತ್ತದೆ. ಜೋರಾದ ನೀರು ಆ ಅಂಚನ್ನೇ ಕಡಿಯುತ್ತದೆ. ಅಂಚು ಹಿಂದೆ ಸರಿಯುತ್ತದೆ, ಮತ್ತೆ ಕಡಿತ, ಮತ್ತೆ ಹಿಂದೆ. ಹೀಗೆ ಗುಂಡಿ ತಾನಾಗಿಯೇ ಹೊಳೆಯ ಮೇಲ್ಭಾಗಕ್ಕೆ ನಡೆದುಕೊಂಡು ಹೋಗುತ್ತದೆ, ಕೆಲವು ಸಲ ಕಿಲೋಮೀಟರ್‌ಗಟ್ಟಲೆ. ಇತ್ತ ಗುಂಡಿಯ ಕೆಳಗೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ನೀರು ಹೊತ್ತು ತಂದ ಮರಳೆಲ್ಲ ಗುಂಡಿಯಲ್ಲೇ ಕೂತುಬಿಡುತ್ತದೆ. ಗುಂಡಿ ದಾಟಿ ಹೋಗುವ ನೀರಿನಲ್ಲಿ ಮರಳಿಲ್ಲ, ಶಕ್ತಿ ಮಾತ್ರ ಇದೆ. ಅಮೆರಿಕದ ನದಿ ವಿಜ್ಞಾನಿ ಮಥಾಯಸ್ ಕೊಂಡಾಲ್ಫ್ 1997ರಲ್ಲಿ ಇಂಥ ನೀರನ್ನು ಹಸಿದ ನೀರು ಅಂತ ಕರೆದರು. ಅದು ಕೆಳಗಿನ ತಳವನ್ನೂ ದಡವನ್ನೂ ಕೊರೆದು ತನ್ನ ಪಾಲಿನ ಮರಳು ಎತ್ತಿಕೊಳ್ಳುತ್ತದೆ. ಅಂದರೆ ಗುಂಡಿ ಎಲ್ಲಿ ತೆಗೆದರೂ ಹೊಡೆತ ಎರಡೂ ಕಡೆಗೆ. ಮರಳು ತೆಗೆದವನ ಊರು ಒಂದು, ಸೇತುವೆ ಬೀಳುವ ಊರು ಇನ್ನೊಂದು.

ಸೇತುವೆ ಕಟ್ಟುವ ಎಂಜಿನಿಯರ್ ಪ್ರವಾಹದಲ್ಲಿ ಕಂಬದ ಬುಡ ಎಷ್ಟು ಕೊರೆಯಬಹುದು ಅಂತ ಲೆಕ್ಕ ಹಾಕಿ, ಅದಕ್ಕಿಂತ ಕೆಳಗೆ ಪಾಯ ಇಳಿಸಿರುತ್ತಾರೆ. ಆ ಲೆಕ್ಕ ಶುರುವಾಗುವುದು ಅವತ್ತಿನ ತಳದ ಮಟ್ಟದಿಂದ. ಆಮೇಲೆ ತಳವೇ ಮೂರು ಮೀಟರ್ ಇಳಿದರೆ ಪಾಯದ ಮೇಲಿನ ಮೂರು ಮೀಟರ್ ಹಿಡಿತ ಹೋಯಿತು. ಕಣ್ಣಿಗೆ ಕಾಣುವ ಗುರುತು ಇದೆ: ಕಂಬದ ಬುಡದಲ್ಲಿ, ಮೊದಲು ಮರಳಲ್ಲಿ ಹೂತಿದ್ದ ಒರಟು ಕಾಂಕ್ರೀಟ್ ಹೊರಗೆ ಬಂದಿರುತ್ತದೆ, ಬಣ್ಣ ಬೇರೆ ಇರುತ್ತದೆ, ಹಳೆಯ ಮರಳಿನ ಮಟ್ಟ ಒಂದು ಗೆರೆಯ ಹಾಗೆ ಕಾಣುತ್ತದೆ. ಅಲ್ಲಲ್ಲಿ ಸರಳು ತುಕ್ಕು ಹಿಡಿದು ಇಣುಕುತ್ತಿರುತ್ತದೆ. ಕಾಣದಿರುವುದು ಇನ್ನೂ ಅಪಾಯದ್ದು. ಪ್ರವಾಹ ಜೋರಾಗಿದ್ದಾಗ ಕಂಬದ ಸುತ್ತ ಸುಳಿ ಎದ್ದು ಆಳದ ಹೊಂಡ ಬೀಳುತ್ತದೆ, ನೀರು ಇಳಿಯುವಾಗ ಅದೇ ಹೊಂಡ ಹೊಸ ಮರಳಿನಿಂದ ಮತ್ತೆ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಎಲ್ಲ ಸರಿ ಇದ್ದ ಹಾಗೆಯೇ ಕಾಣುತ್ತದೆ.

ಪೋರ್ಚುಗಲ್ ದೇಶದಲ್ಲಿ ಡೋರು ನದಿಯ ಮೇಲೆ 1887ರಲ್ಲಿ ಕಟ್ಟಿದ ಹಿಂಟ್ಸ್ ರಿಬೇರು ಸೇತುವೆ ಇತ್ತು. 2001ರ ಮಾರ್ಚ್ 4ರ ರಾತ್ರಿ ಅದರ ಒಂದು ಕಂಬ ಕುಸಿಯಿತು. ಒಂದು ಬಸ್ಸು, ಮೂರು ಕಾರು ನದಿಗೆ ಬಿದ್ದವು. 59 ಜನ ಸತ್ತರು, ಒಬ್ಬರೂ ಬದುಕಲಿಲ್ಲ. ವರ್ಷಾನುಗಟ್ಟಲೆ ನಡೆದ ಮರಳು ತೆಗೆತ ಮತ್ತು ಆ ಚಳಿಗಾಲದ ಮೇಲಿಂದ ಮೇಲೆ ಬಂದ ಪ್ರವಾಹ, ಎರಡೂ ಸೇರಿ ಕಂಬದ ಬುಡ ಕೊರೆದಿದ್ದು ತನಿಖೆಯಲ್ಲಿ ಗೊತ್ತಾಯಿತು. ಲೋಕೋಪಯೋಗಿ ಖಾತೆ ನೋಡುತ್ತಿದ್ದ ಸಚಿವ ಜಾರ್ಜ್ ಕೊಯೆಲು ರಾಜೀನಾಮೆ ಕೊಟ್ಟರು. ಅಲ್ಲಿ ಮರಳು ತೆಗೆಯುವುದಕ್ಕೆ ಪರವಾನಗಿಗಳೂ ಇದ್ದವು, ಇದನ್ನು ನೆನಪಿಡಬೇಕು. ಅದಕ್ಕೂ ಹಿಂದಿನ ವರ್ಷ, 2000ದ ಆಗಸ್ಟ್‌ನಲ್ಲಿ, ತೈವಾನ್‌ನ ಗಾಓಪಿಂಗ್ ನದಿಯ ಸೇತುವೆ ಚಂಡಮಾರುತದ ನಂತರ ಮುರಿದು ವಾಹನಗಳು ನೀರಿಗೆ ಬಿದ್ದವು. ಅಲ್ಲೂ ಜಲ್ಲಿ ಮರಳು ಬಗೆದು ನದಿಯ ತಳ ಕುಸಿದಿತ್ತು.

ನಮ್ಮಲ್ಲಿ 2018ರ ಜೂನ್‌ನಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿಯಿತು. ಸುಮಾರು ಮೂವತ್ತು ವರ್ಷದ ಸೇತುವೆ ಅದು, ಸೇತುವೆಗಳ ಲೆಕ್ಕದಲ್ಲಿ ಇನ್ನೂ ಹರೆಯ. ಅಕ್ಕಪಕ್ಕದಲ್ಲಿ ನಡೆಯುತ್ತಿದ್ದ ಮರಳುಗಾರಿಕೆಯೇ ಕಾರಣ ಅಂತ ಊರವರು ಅವತ್ತೇ ದೂರಿದರು. 2022ರ ಆಗಸ್ಟ್‌ನಲ್ಲಿ ಪಂಜಾಬ್ ಮತ್ತು ಹಿಮಾಚಲದ ಗಡಿಯಲ್ಲಿ ಚಕ್ಕಿ ನದಿಯ ರೈಲ್ವೆ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಬ್ರಿಟಿಷರ ಕಾಲದಿಂದ ಓಡುತ್ತಿದ್ದ ಕಾಂಗ್ರಾ ಕಣಿವೆಯ ಪುಟ್ಟ ರೈಲಿನ ಓಡಾಟ ಆ ಸೇತುವೆಯ ಮೇಲೆ ನಿಂತಿತು. ಆ ನದಿಯಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಅದಕ್ಕೂ ಮೊದಲಿನಿಂದ ದೂರುಗಳಿದ್ದವು. ಪ್ರತಿ ಸಲವೂ ಪ್ರವಾಹ ಬಂತು, ಹಳೇ ಸೇತುವೆ, ಬಿತ್ತು ಅಂತ ಬರೆದು ಕಡತ ಮುಚ್ಚಿದರೆ ಕಾರಣ ಯಾವತ್ತೂ ಸಿಗುವುದಿಲ್ಲ. ಪ್ರವಾಹ ಅದೇ ಸೇತುವೆ ಕೆಳಗೆ ಎಷ್ಟೋ ಸಲ ಬಂದು ಹೋಗಿತ್ತು, ಅಲ್ವಾ?

ಸೇತುವೆ ಬಿದ್ದರೆ ಸುದ್ದಿಯಾಗುತ್ತದೆ. ದಡ ಬಿದ್ದರೆ ಆಗುವುದಿಲ್ಲ. ವಿಯೆಟ್ನಾಮಿನ ಆನ್ ಜಾಂಗ್ ಪ್ರಾಂತ್ಯದಲ್ಲಿ 2017ರ ಏಪ್ರಿಲ್‌ನಲ್ಲಿ ವಾಮ್ ನಾವ್ ನದಿಯ ದಡ ಜರಿದು ಮನೆಗಳು ಸಾಲಾಗಿ ನೀರಿಗೆ ಇಳಿದವು. ಮೆಕಾಂಗ್ ಮುಖಜಭೂಮಿಯ ಉದ್ದಕ್ಕೂ ಈ ಕಾಟ ಇದೆ. ನಮ್ಮ ಹೊಳೆಗಳ ದಡದಲ್ಲಿ ಪ್ರತಿ ಮಳೆಗಾಲಕ್ಕೆ ಒಂದು ಸಾಲು ಅಡಿಕೆ ಮರ, ಒಂದು ತುಂಡು ಗದ್ದೆ ಹೋಗುತ್ತಿರುತ್ತದೆ. ಹೋದ ಜಮೀನಿಗೆ ಪಹಣಿ ಇರುತ್ತದೆ, ಕಂದಾಯದ ದಾಖಲೆಯೂ ಇರುತ್ತದೆ, ನೆಲ ಇರುವುದಿಲ್ಲ. ಪರಿಹಾರ ಕೇಳಿದರೆ ಪ್ರಕೃತಿ ವಿಕೋಪದ ಅರ್ಜಿ ತುಂಬಬೇಕು. ಇನ್ನು ಮರಳು ಬಗೆದ ಗುಂಡಿಗಳಲ್ಲಿ ಈಜಲು ಹೋದ ಮಕ್ಕಳು ಮುಳುಗಿ ಸಾಯುವುದು ಎಲ್ಲ ಬೇಸಿಗೆಯಲ್ಲೂ ಬರುವ ಸುದ್ದಿ. ಮೊಣಕಾಲುದ್ದ ನೀರಿನಲ್ಲಿ ಆಡಿ ಬೆಳೆದ ಹುಡುಗರಿಗೆ ಅದೇ ಜಾಗದಲ್ಲಿ ಈಗ ಇಪ್ಪತ್ತು ಅಡಿ ಆಳ ಇದೆ ಅಂತ ಗೊತ್ತಾಗುವುದು ಹೇಗೆ? ಅಲ್ಲಿ ಒಂದು ಬೋರ್ಡ್ ಕೂಡ ಇರುವುದಿಲ್ಲ. ಈ ಸಾವುಗಳು ಆಕಸ್ಮಿಕ ಅಂತ ದಾಖಲಾಗುವುದನ್ನು ನೋಡಿದಾಗ ನಿಜಕ್ಕೂ ಸಿಟ್ಟು ಬರುತ್ತದೆ.

ಹಾಗಾದರೆ ಕಾನೂನು ಇಲ್ವಾ? ಇದೆ, ಬೇಕಾದಷ್ಟಿದೆ. ಭಾರತದಲ್ಲಿ ಮರಳು ಉಪಖನಿಜ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅದರ ನಿಯಮ ಮಾಡುವ ಅಧಿಕಾರ ರಾಜ್ಯಗಳದ್ದು. 2015ರ ತಿದ್ದುಪಡಿಯ ನಂತರ ಅಕ್ರಮ ಗಣಿಗಾರಿಕೆಗೆ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡ ಇದೆ. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕು ಅಂದಿತು. ಯಾಕೆಂದರೆ ಅನುಮತಿ ತಪ್ಪಿಸಿಕೊಳ್ಳಲು ದೊಡ್ಡ ಜಾಗವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಗುತ್ತಿಗೆ ಕೊಡುತ್ತಿದ್ದರು. 2014ರಲ್ಲಿ ಅದೇ ಕೋರ್ಟ್, ನದಿಯಿಂದ ಮರಳು ಕದಿಯುವವರ ಮೇಲೆ ಗಣಿ ಕಾಯ್ದೆಯ ಜೊತೆಗೆ ಸಾಮಾನ್ಯ ಕಳ್ಳತನದ ಕೇಸನ್ನೂ ಪೊಲೀಸರು ಹಾಕಬಹುದು ಅಂತ ಹೇಳಿತು. ಕೇಂದ್ರ ಪರಿಸರ ಸಚಿವಾಲಯದ ಮಾರ್ಗಸೂಚಿ 2016ರಲ್ಲಿ ಒಂದು ಬಂತು, 2020ರಲ್ಲಿ ಇನ್ನೊಂದು. ಮೂರು ಮೀಟರ್‌ಗಿಂತ ಆಳ ಹೋಗಬಾರದು, ಮಳೆಗಾಲದಲ್ಲಿ ತೆಗೆಯಬಾರದು, ಸೇತುವೆಯಿಂದ ಇಷ್ಟು ದೂರ ಇರಬೇಕು, ಎಲ್ಲ ಬರೆದಿದ್ದಾರೆ.

ಆದರೆ ದಂಧೆ ನಡೆಯುವ ರೀತಿ ನೋಡಿದರೆ ಈ ಕಾನೂನಿನ ಬಲೆಯಲ್ಲಿ ತೂತು ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಂದೇ ಪರ್ಮಿಟ್‌ನಲ್ಲಿ ಒಂದೇ ದಿನ ಮೂರು ನಾಲ್ಕು ಟ್ರಿಪ್ ಹೊಡೆಯುವುದು ತೀರಾ ಹಳೆಯ ಉಪಾಯ. ಮರಳೇ ಇಲ್ಲದ ಬ್ಲಾಕ್ (ಮರಳು ತೆಗೆಯಲು ಗುರುತು ಮಾಡಿದ ಜಾಗ) ಗುತ್ತಿಗೆ ಹಿಡಿದು, ಅದರ ಪಾಸ್ ತೋರಿಸಿ ಬೇರೆ ಕಡೆಯ ಮರಳು ಸಾಗಿಸುವುದು ಇನ್ನೊಂದು. ದಡದ ಪಟ್ಟಾ ಜಮೀನಿನಲ್ಲಿ ತೆಗೆಯುತ್ತೇವೆ ಅಂತ ಅನುಮತಿ ತಂದು ಹಿಟಾಚಿಯನ್ನು ಹೊಳೆಗೆ ಇಳಿಸುತ್ತಾರೆ. ಹೂಳೆತ್ತುವ ನೆಪ ಇದೆ. ಮಳೆಗಾಲಕ್ಕೆ ಅಂತ ಸ್ಟಾಕ್ ಯಾರ್ಡ್‌ನಲ್ಲಿ ರಾಶಿ ಹಾಕಿದ ಸಕ್ರಮ ಮರಳಿನ ಜೊತೆ ಕದ್ದ ಮರಳು ಬೆರೆತರೆ ಬೇರೆ ಮಾಡುವವರು ಯಾರು? ಇವೆಲ್ಲದಕ್ಕಿಂತ ಮುಖ್ಯವಾದದ್ದು ಆಳ. ಮೂರು ಮೀಟರ್ ಅನುಮತಿ ಇದ್ದಲ್ಲಿ ಎಂಟು ಮೀಟರ್ ತೋಡಿದರೂ, ಒಂದು ಮಳೆ ಬಂದರೆ ಗುಂಡಿ ನೀರು ತುಂಬಿ ಮುಚ್ಚಿಹೋಗುತ್ತದೆ. ಸಾಕ್ಷಿ ನೀರಿನಡಿಗೆ ಹೋಯಿತು. ಅಳತೆ ಪುಸ್ತಕದಲ್ಲಿ ಮೂರು ಮೀಟರ್ ಅಂತಲೇ ಇರುತ್ತದೆ.

ಸಿಕ್ಕಿಬೀಳುವವರು ಯಾರು ಅಂತಲೂ ನೋಡಿ. ಟ್ರ್ಯಾಕ್ಟರ್ ಡ್ರೈವರ್, ಬುಟ್ಟಿಯಲ್ಲಿ ಮರಳು ಎತ್ತುವ ಕೂಲಿಯವರು, ದೋಣಿಯವರು. ಎದೆಮಟ್ಟದ ನೀರಿನಲ್ಲಿ ನಿಂತು, ಮುಳುಗಿ ಬಕೆಟ್ ತುಂಬುವವರ ಬದುಕು ಬೇರೆ, ಹಿಟಾಚಿ ಮತ್ತು ಟಿಪ್ಪರ್ ಸಾಲಿಗೆ ಬಂಡವಾಳ ಹಾಕುವವರ ಬದುಕು ಬೇರೆ. ಕೈಯಿಂದ ಎತ್ತುವ ಮರಳಿನಿಂದ ಹೊಳೆಗೆ ಆಗುವ ಹಾನಿಯೂ ತುಂಬಾ ಕಡಿಮೆ. ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಮರಳು ಕಳ್ಳರು ಅನ್ನುವುದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ.

ಬಂಡವಾಳ ದೊಡ್ಡದಾದಲ್ಲಿ ರಕ್ತವೂ ಹರಿಯುತ್ತದೆ. 2017ರ ಏಪ್ರಿಲ್‌ನಲ್ಲಿ ಕುಂದಾಪುರ ಹತ್ತಿರದ ಕಂಡ್ಲೂರಿನಲ್ಲಿ ರಾತ್ರಿ ತಪಾಸಣೆಗೆ ಹೋದ ಉಡುಪಿ ಜಿಲ್ಲಾಧಿಕಾರಿಯ ತಂಡದ ಮೇಲೆಯೇ ದಾಳಿ ಆಯಿತು. 2018ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ಭಿಂಡ್‌ನಲ್ಲಿ ಪೊಲೀಸರು ಮತ್ತು ಮರಳು ದಂಧೆಯ ನಂಟಿನ ಬಗ್ಗೆ ವರದಿ ಮಾಡಿದ್ದ ಪತ್ರಕರ್ತ ಲಾರಿಯಡಿ ಸಿಕ್ಕಿ ಸತ್ತರು. 2023ರ ಜೂನ್‌ನಲ್ಲಿ ಕಲಬುರಗಿಯ ಜೇವರ್ಗಿ ತಾಲ್ಲೂಕಿನಲ್ಲಿ ಮರಳು ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಮೇಲೆ ಟ್ರ್ಯಾಕ್ಟರ್ ಹರಿಯಿತು, ಅವರು ಉಳಿಯಲಿಲ್ಲ. ರಾತ್ರಿ ಹೊತ್ತು ಇಬ್ಬರು ಪೊಲೀಸರನ್ನು ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿ ನದಿ ಕಾಯಿರಿ ಅನ್ನುವುದು ಅವರ ಜೀವದ ಜೊತೆ ಆಟ ಆಡಿದ ಹಾಗೆ. ಬೆಳಗ್ಗೆ ಹೊತ್ತಿನಲ್ಲಿ, ಕಚೇರಿಯಲ್ಲಿ ಕೂತು, ಅಳತೆಯ ಆಧಾರದ ಮೇಲೆ ಗುತ್ತಿಗೆದಾರನನ್ನು ಹಿಡಿಯಲು ಆಗುವುದಿಲ್ಲವೇ?

ಆಗುತ್ತದೆ, ಮತ್ತು ಇದೇನು ಕಷ್ಟದ ವಿದ್ಯೆ ಅಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಹೊಳೆಯ ಅಡ್ಡಕ್ಕೆ ತಳದ ಮಟ್ಟ ಅಳೆದರೆ ಮೇಲಿಂದ ಎಷ್ಟು ಮರಳು ಬಂದು ಕೂತಿತು ಅಂತ ತಿಳಿಯುತ್ತದೆ. ಇದನ್ನೇ ಮರಳು ಮರುಪೂರಣ ಅಧ್ಯಯನ ಅನ್ನುವುದು. ಡ್ರೋನ್ ಇದೆ, ಉಪಗ್ರಹದ ಚಿತ್ರ ಇದೆ, ನೀರಿರುವ ಕಡೆ ಆಳ ಅಳೆಯುವ ಸೋನಾರ್ ಇದೆ. 2020ರ ಮಾರ್ಗಸೂಚಿಯಲ್ಲೂ ಇದು ಬೇಕು ಅಂತ ಇದೆ. ಆದರೂ ಇದನ್ನು ಮಾಡದೆಯೇ, ಬ್ಲಾಕ್‌ನಲ್ಲಿ ಇಷ್ಟು ಲಕ್ಷ ಟನ್ ಇದೆ ಅಂತ ಜಿಲ್ಲಾ ಸಮೀಕ್ಷಾ ವರದಿಗಳಲ್ಲಿ ಬರೆದು ಗುತ್ತಿಗೆ ಕೊಡುವುದು ನಡೆದೇ ಇತ್ತು. 2025ರ ಆಗಸ್ಟ್‌ನಲ್ಲಿ ಜಮ್ಮು ಕಾಶ್ಮೀರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸರಿಯಾಗಿ ಕೈಹಾಕಿತು. ಮರುಪೂರಣ ಅಧ್ಯಯನ ಇಲ್ಲದ ಜಿಲ್ಲಾ ಸಮೀಕ್ಷಾ ವರದಿ ನಿಲ್ಲುವುದಿಲ್ಲ, ಅದರ ಮೇಲೆ ಪರಿಸರ ಅನುಮತಿ ಕೊಡುವ ಹಾಗಿಲ್ಲ ಅಂದಿತು. ನನ್ನ ಲೆಕ್ಕದಲ್ಲಿ ಇಷ್ಟು ವರ್ಷಗಳ ಆದೇಶಗಳಲ್ಲಿ ನದಿಯ ಕಡೆಯಿಂದ ನೋಡಿದ ಆದೇಶ ಇದು. ನೂರು ಚೆಕ್‌ಪೋಸ್ಟ್‌ಗಿಂತ ಇದರಿಂದ ಉಪಯೋಗ ಜಾಸ್ತಿ, ಜಾರಿಗೆ ಬಂದರೆ.

ಪೂರ್ತಿ ನಿಷೇಧ ಹಾಕಿದರೆ ಆಯಿತಲ್ಲ ಅನ್ನುವವರಿಗೆ ಚೀನಾದ ಅನುಭವ ಇದೆ. 2000ದ ಸುಮಾರಿಗೆ ಯಾಂಗ್‌ಟ್ಸಿ ನದಿಯಲ್ಲಿ ಮರಳು ತೆಗೆಯುವುದನ್ನು ನಿಷೇಧಿಸಿದರು. ನೀರಿನಡಿಯ ಮರಳು ಎತ್ತುವ ಡ್ರೆಜ್ಜರ್‌ಗಳೆಲ್ಲ ಅದಕ್ಕೇ ಕೂಡಿಕೊಂಡಿರುವ ಪೊಯಾಂಗ್ ಸರೋವರಕ್ಕೆ ಹೋದವು. ಆ ಸರೋವರದ ಬಾಯಿ ಅಗೆದು ಅಗೆದು ಅಗಲವಾಗಿ ಆಳವಾಗಿ, ಮಳೆಯಿಲ್ಲದ ತಿಂಗಳುಗಳಲ್ಲಿ ನೀರು ಬೇಗ ಖಾಲಿಯಾಗತೊಡಗಿತು. ಬೇಡಿಕೆ ಹಾಗೇ ಇದ್ದರೆ ಒಂದು ಕಡೆ ಮುಚ್ಚಿದ ಬಾಗಿಲು ಇನ್ನೊಂದು ಕಡೆ ತೆರೆಯುತ್ತದೆ. ಬೆಂಗಳೂರು, ಕೋಲಾರದ ಕಡೆ ನಡೆದ ಫಿಲ್ಟರ್ ಮರಳು ದಂಧೆಯೂ ಇದೇ ಜಾತಿಯದು. ಹೊಳೆ ಮರಳು ಸಿಗದಾಗ ಕೆರೆ ಅಂಗಳದ ಮಣ್ಣು, ಹೊಲದ ಮೇಲ್ಮಣ್ಣು ತಂದು ನೀರಿನಲ್ಲಿ ತೊಳೆದು ತೊಳೆದು ಮರಳು ಮಾಡಿದರು. ಮರಳು ಕಳಪೆ, ಕೆರೆಯೂ ಹಾಳು, ತೊಳೆಯಲು ಬಳಸಿದ ಬೋರ್‌ವೆಲ್ ನೀರೂ ಹಾಳು. ಇದು ಹೊಳೆ ಮರಳಿಗಿಂತ ಕೆಟ್ಟದ್ದು.

ಬಂಡೆ ಪುಡಿ ಮಾಡಿ ತೆಗೆಯುವ ಎಂ ಸ್ಯಾಂಡ್ ಒಂದು ಮಟ್ಟಿಗೆ ಭಾರ ಇಳಿಸಿದೆ. ಸರಿಯಾಗಿ ಮಾಡಿದ ಎಂ ಸ್ಯಾಂಡ್ ಕಾಂಕ್ರೀಟಿಗೆ ಚೆನ್ನಾಗಿಯೇ ಆಗುತ್ತದೆ, ಹೊಳೆ ಮರಳೇ ಬೇಕು ಅನ್ನುವ ಹಟ ಬಿಡಬೇಕು. ಹಾಗಂತ ಕ್ವಾರಿ ಪಕ್ಕದ ಊರಿನವರನ್ನು ಕೇಳಿದರೆ ಧೂಳು, ಸ್ಫೋಟ, ಬಿರುಕು ಬಿಟ್ಟ ಗೋಡೆ ತೋರಿಸುತ್ತಾರೆ. ಕೆಡವಿದ ಕಟ್ಟಡದ ಕಾಂಕ್ರೀಟ್ ಪುಡಿ ಮಾಡಿ ಮತ್ತೆ ಬಳಸುವುದು, ಜಲಾಶಯದಲ್ಲಿ ಕೂತ ಮರಳನ್ನು ತೆಗೆಯುವುದು, ಇವೂ ಇವೆ. ಇವುಗಳಲ್ಲಿ ಯಾವುದಕ್ಕೂ ಮಾರುಕಟ್ಟೆ ಏಳುವುದಿಲ್ಲ, ಎಲ್ಲಿವರೆಗೆ ಹೊಳೆ ಮರಳಿಗೆ ನಾವು ಕೊಡುವುದು ಬರೀ ತೋಡುವ ಕೂಲಿ ಮತ್ತು ಲಾರಿ ಬಾಡಿಗೆಯೋ ಅಲ್ಲಿವರೆಗೆ. ಬಾವಿ ಆಳ ಮಾಡಿಸಿದ ಖರ್ಚು, ಸೇತುವೆ ಮರಳಿ ಕಟ್ಟುವ ಖರ್ಚು ಆ ಬಿಲ್ಲಿನಲ್ಲಿ ಇಲ್ಲ.

ಊರವರ ಕೈಯಲ್ಲಿ ಆಗುವ ಕೆಲಸವೂ ಇದೆ. ರಾತ್ರಿ ಟಿಪ್ಪರ್‌ಗೆ ಅಡ್ಡ ಹೋಗಿ ಅಂತ ಯಾರಿಗೂ ಹೇಳಬಾರದು, ಅದು ಜೀವಕ್ಕೆ ಅಪಾಯ. ಆದರೆ ಪ್ರತಿ ವರ್ಷ ಬೇಸಿಗೆಯಲ್ಲಿ ಸೇತುವೆಯ ಅದೇ ಕಂಬದ ಫೋಟೋವನ್ನು ಅದೇ ಜಾಗದಿಂದ ತೆಗೆದು ತಾರೀಕಿನ ಜೊತೆ ಇಟ್ಟುಕೊಳ್ಳಬಹುದು. ದಡದ ನಾಲ್ಕು ಬಾವಿಗಳ ನೀರಿನ ಮಟ್ಟ ತಿಂಗಳಿಗೊಮ್ಮೆ ಹಗ್ಗ ಇಳಿಸಿ ಬರೆದಿಡಬಹುದು. ಮಾಹಿತಿ ಹಕ್ಕಿನಲ್ಲಿ ನಿಮ್ಮ ಬ್ಲಾಕ್‌ನ ಮರುಪೂರಣ ಅಧ್ಯಯನದ ಪ್ರತಿ ಕೇಳಬಹುದು. ಅಧ್ಯಯನವೇ ಆಗಿಲ್ಲ ಅನ್ನುವ ಉತ್ತರ ಬಂದರೆ, ಸುಪ್ರೀಂ ಕೋರ್ಟಿನ ಆ ಆದೇಶದ ನಂತರ ಆ ಒಂದು ಹಾಳೆಗೇ ಬೆಲೆ ಇದೆ. ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು ಜಿಲ್ಲಾಧಿಕಾರಿ ಕಚೇರಿಯಲ್ಲೂ ಜಿಲ್ಲೆಯ ವೆಬ್‌ಸೈಟ್‌ನಲ್ಲೂ 21 ದಿನ ಸಾರ್ವಜನಿಕರಿಗೆ ಇಡಬೇಕು ಅಂತ ನಿಯಮ ಇದೆ. ಆ 21 ದಿನದೊಳಗೆ ಪಂಚಾಯಿತಿಯಿಂದ ಲಿಖಿತ ಆಕ್ಷೇಪಣೆ, ಜೊತೆಗೆ ಬಾವಿಯ ಲೆಕ್ಕ ಮತ್ತು ಕಂಬದ ಫೋಟೋ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ನಾಳೆ ಹಸಿರು ನ್ಯಾಯಮಂಡಳಿಗೆ ಹೋಗಬೇಕಾಗಿ ಬಂದರೆ ಮೊದಲು ಕೇಳುವುದು ಆ ಸೀಲ್ ಇರುವ ಪ್ರತಿಯನ್ನೇ.